ಟೀವಿ ಇಲ್ಲದ ಮನೆಗೆ ಬಂದ ಕಾಗದ

ಮೈಸೂರು, ಅಕ್ಟೋಬರ್ 2025

ಪುಟ್ಟಿ,

ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ಓದಿದೆ. ಇಂಗ್ಲೆಂಡಿನ ಲೀಡ್ಸ್‌ನ ಹೊಸ ಮನೆಗೆ ಹೋಗಿ ಹದಿನೈದು ದಿನ ಆಗಿಲ್ಲ, ಆಗಲೇ ಟೀವಿ ಲೈಸೆನ್ಸ್ ಇಲ್ಲ ಅಂತ ಕಾಗದ! ಅಮ್ಮ ಆಗಲೇ ಪೊಲೀಸು, ಕೋರ್ಟು ಅಂತ ಶುರು ಮಾಡಿದ್ದಾಳೆ. ಆ ಕಾಗದದಲ್ಲಿ ನಿನ್ನ ಹೆಸರೇ ಇಲ್ಲ, ಮನೆಯಲ್ಲಿ ಇರುವವರಿಗೆ ಅಂತಷ್ಟೇ ಇದೆ. ಲೈಸೆನ್ಸ್ ಇಲ್ಲದ ವಿಳಾಸಗಳಿಗೆ ಹೋಗುವ ಕಾಗದ ಅದು. ಹಾಗಂತ ಕಸದ ಬುಟ್ಟಿಗೂ ಹಾಕಬೇಡ.

ನಿಮ್ಮಜ್ಜನ ರೇಡಿಯೋಗೂ ಲೈಸೆನ್ಸ್ ಇತ್ತು, ಗೊತ್ತಾ? ಅಂಗೈಯಗಲದ ಪುಸ್ತಕ. ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿದರೆ ಸ್ಟಾಂಪು ಅಂಟಿಸಿ ಠಪ್ ಅಂತ ಮೊಹರು ಒತ್ತುತ್ತಿದ್ದರು. ನಮ್ಮಲ್ಲಿ 80ರ ದಶಕದಲ್ಲಿ ಅದು ಹೋಯಿತು. ಬ್ರಿಟನ್ನಿನಲ್ಲಿ ರೇಡಿಯೋದ್ದು 1971ರಲ್ಲೇ ಹೋಗಿದೆ, ಟೀವಿಯದು ಉಳಿದಿದೆ. ಬಿಬಿಸಿ ನಡೆಯುವುದು ಹೆಚ್ಚಾಗಿ ಆ ದುಡ್ಡಿನಲ್ಲೇ.

ಮನೆಯಲ್ಲಿ ಟೀವಿ ಇಲ್ಲ ಅಂದ ಮಾತ್ರಕ್ಕೆ ನೀನು ಬಚಾವಲ್ಲ. ಚಾನೆಲ್‌ನಲ್ಲಿ ಬರುತ್ತಿರುವಾಗಲೇ ಲೈವ್ ಆಗಿ ನೋಡಿದರೆ ಲೈಸೆನ್ಸ್ ಬೇಕು, ಫೋನಿನಲ್ಲಾದರೂ ಅಷ್ಟೇ. ಬಿಬಿಸಿಯ ಐಪ್ಲೇಯರ್ ಆ್ಯಪ್‌ನಲ್ಲಿ ಹಳೇ ಕಾರ್ಯಕ್ರಮ ನೋಡುವುದಕ್ಕೂ ಬೇಕು, 2016ರಿಂದ. ನೆಟ್‌ಫ್ಲಿಕ್ಸ್‌ನ ಸಿನಿಮಾ, ಯೂಟ್ಯೂಬ್‌ನ ಅಡುಗೆ ವಿಡಿಯೋಗಳಿಗೆ ಬೇಡ. ಆದರೆ ಭಾರತದ ಮ್ಯಾಚ್ ಇದ್ದರೆ ನೀನು ಸುಮ್ನೆ ಇರ್ತೀಯಾ? ಹಲ್ಲುಜ್ಜುತ್ತಾ ಕನ್ನಡ ನ್ಯೂಸ್ ಚಾನೆಲ್ ಲೈವ್ ಹಾಕಿಕೊಳ್ಳುವವಳು ನೀನೇ ಅಲ್ವಾ? ಹೊರದೇಶದ ಚಾನೆಲ್ ಅಂತ ವಿನಾಯಿತಿ ಇಲ್ಲ. ಸಿಕ್ಕಿಬಿದ್ದು ಕೋರ್ಟಿಗೆ ಹೋದರೆ ದಂಡ 1,000 ಪೌಂಡ್‌ವರೆಗೂ ಹೋಗಬಹುದು. (ಇದನ್ನು ಅಮ್ಮನಿಗೆ ಹೇಳಿಲ್ಲ.)

ಕಟ್ಟುವ ಮುಂಚೆ ಬಾಡಿಗೆ ಕರಾರು ತೆಗೆದು ನೋಡು. ಮನೆಯಲ್ಲಿರುವ ನೀವು ಮೂವರೂ ಒಂದೇ ಕರಾರಿಗೆ ಸಹಿ ಹಾಕಿದ್ದರೆ ಮನೆಗೆಲ್ಲ ಒಂದೇ ಲೈಸೆನ್ಸ್ ಸಾಕು. ಈಗ, 2025ರಲ್ಲಿ, ವರ್ಷಕ್ಕೆ 174.50 ಪೌಂಡ್, ತಲೆಗೆ 58 ಚಿಲ್ಲರೆ ಬೀಳುತ್ತದೆ. ರೂಮಿಗೊಂದು ಕರಾರು ಇದ್ದರೆ ನಿನ್ನ ರೂಮಿಗೆ ನೀನೇ ಮಾಡಿಸಬೇಕಾಗಬಹುದು. ಬ್ಯಾಂಕಿನಿಂದ ಕಂತಿನಲ್ಲಿ ಕಟ್ಟಬಹುದು. ಮನೆ ಬಿಟ್ಟು ಊರಿಗೆ ಬರುವಾಗ ಉಳಿದ ಪೂರ್ತಿ ತಿಂಗಳುಗಳ ದುಡ್ಡು ವಾಪಸ್ ಕೇಳುವುದನ್ನು ಮರೆಯಬೇಡ. ಲೈಸೆನ್ಸ್ ಹೆಸರಿನಲ್ಲಿ ಇಮೇಲ್ ಬಂದರೆ ಅದರ ಲಿಂಕ್ ಒತ್ತಬೇಡ, ನಕಲಿಗಳು ಬಹಳ. ನೀನೇ ಅವರ ವೆಬ್‌ಸೈಟಿಗೆ ಹೋಗಿ ಕಟ್ಟು.

ಲೈವ್ ಆಗಲಿ ಐಪ್ಲೇಯರ್ ಆಗಲಿ ನೋಡುವುದೇ ಇಲ್ಲ ಅಂತ ಮೂವರೂ ತೀರ್ಮಾನಿಸಿದರೆ ಆ ವೆಬ್‌ಸೈಟಿನಲ್ಲೇ ಲೈಸೆನ್ಸ್ ಬೇಡ ಅಂತ ತಿಳಿಸಬಹುದು. ಯಾರಾದರೂ ವಿಚಾರಿಸಲು ಬಂದರೂ ಕೋರ್ಟಿನ ವಾರಂಟ್ ಇಲ್ಲದೆ ನಿಮ್ಮ ಒಪ್ಪಿಗೆ ಮೀರಿ ಒಳಗೆ ಬರುವಂತಿಲ್ಲ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಈ ಮಾತು ತೆಗೆ. ಆ ರಾಯಚೂರಿನ ಹುಡುಗಿ "ನಾನು ನೋಡೋದೇ ಇಲ್ಲ, ನಾನ್ಯಾಕೆ ಕೊಡಲಿ" ಅಂದರೆ ಜಗಳಕ್ಕೆ ಹೋಗಬೇಡ. ಅವಳ ಪಾಲು ನಾನು ಕಳಿಸುತ್ತೇನೆ. ಕಾಫಿಪುಡಿ ಪಾರ್ಸೆಲ್ ನಿನ್ನೆ ಹಾಕಿದ್ದೇನೆ.

ನಿನ್ನ,
ಅಪ್ಪ