ಸಪೋಪನ್‌ನಿಂದ ಅಪ್ಪಾಜಿಗೆ: ಹಳ್ಳದ ಹೊಲದ ಮಾತು

ಸಪೋಪನ್, ಹಾಲಿಸ್ಕೋ ರಾಜ್ಯ, ಮೆಕ್ಸಿಕೋ
ಅಕ್ಟೋಬರ್ 16

ತೀರ್ಥರೂಪ ಅಪ್ಪಾಜಿ ಮತ್ತು ಅವ್ವನಿಗೆ ನಮಸ್ಕಾರಗಳು. ನಾನು ಕ್ಷೇಮ. ಅಜ್ಜಿಗೆ, ಬಸಣ್ಣ ಮಾವನಿಗೆ ಕೇಳಿದೆ ಅಂತ ಹೇಳಿ.

ಗೀತಾಳ ಪತ್ರ ಬಂತು. ಹಳ್ಳದ ಹೊಲ ಲೇಔಟಿನವರಿಗೆ ಕೊಡುವ ಮಾತು ನಡೆದಿದೆಯಂತೆ. ದೀಪಾವಳಿ ಕಳೆದ ಮೇಲೆ ಮುಂಗಡ ತಗೊಳ್ಳುತ್ತೀರಂತೆ. "ನನ್ನ ಮದುವೆಗೆ ಹೊಲ ಹೋಗೋದಾದ್ರೆ ನಂಗೆ ಮದುವೆನೇ ಬೇಡ" ಅಂತ ಬರೆದಿದ್ದಾಳೆ. ಓದಿದ ಮೇಲೆ ನಿದ್ದೆ ಬರಲಿಲ್ಲ. ಇಲ್ಲಿಗೂ ಅಲ್ಲಿಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ನಾನು ಕೆಲಸ ಮುಗಿಸಿ ಕೂರುವ ಹೊತ್ತಿಗೆ ನೀವು ಹೊಲಕ್ಕೆ ಹೊರಟಿರುತ್ತೀರಿ. ಫೋನಿನಲ್ಲಿ ಈ ಮಾತು ಪೂರ್ತಿ ಆಗಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಅವ್ವನಿಗೆ. ಟಿವಿಯಲ್ಲಿ ಮೆಕ್ಸಿಕೋ ಸುದ್ದಿ ನೋಡಿ ಹೆದರಬೇಡ. ನನ್ನ ಮನೆ, ಆಫೀಸು ಎರಡೂ ಸಪೋಪನ್‌ನಲ್ಲೇ ಇವೆ. ಇದು ಸಣ್ಣ ಊರಲ್ಲ. ಗ್ವಾದಲಹಾರ ಅಂತ ದೊಡ್ಡ ಶಹರ ಇದೆಯಲ್ಲ, ಅದಕ್ಕೆ ಅಂಟಿಕೊಂಡೇ ಇದೆ. 2020ರ ಜನಗಣತಿಯಲ್ಲಿ ಸಪೋಪನ್‌ನ ಜನಸಂಖ್ಯೆ 14.76 ಲಕ್ಷ, ಗ್ವಾದಲಹಾರದ್ದು 13.86 ಲಕ್ಷ. ರಾಜ್ಯದ ರಾಜಧಾನಿಯನ್ನೇ ಹಿಂದೆ ಹಾಕಿದೆ ನೋಡಿ! ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರ, ಬೆಂಗಳೂರಿಗಿಂತ ಜಾಸ್ತಿ. ಹವೆ ತಂಪು. ಮಳೆಗಾಲವೂ ನಮ್ಮಂತೆಯೇ ಜೂನ್‌ನಿಂದ ಅಕ್ಟೋಬರ್. ಊಟಕ್ಕೆ ಅನ್ನ, ಬೇಳೆ, ಮೆಣಸಿನಕಾಯಿ ಎಲ್ಲಾ ಸಿಗುತ್ತೆ. ರಾತ್ರಿ ಒಬ್ಬನೇ ಎಲ್ಲೂ ಹೋಗಲ್ಲ. ತೂಕ ಕೂಡ ಇಳಿದಿಲ್ಲ. ಆಯ್ತಾ?

ಅಪ್ಪಾಜಿ, ಈ ಊರಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಲದ ಮಾತಿಗೆ ಅದು ಬೇಕು.

ಇಲ್ಲಿಯದೂ ಮೆಕ್ಕೆಜೋಳದ ಸೀಮೆ. ನಾವು ಬೆಳೆದ ಕಾಳು ಕೋಳಿ ಆಹಾರದ ಫ್ಯಾಕ್ಟರಿಗೆ ಹೋಗುತ್ತೆ. ಇವರಿಗೆ ಅದೇ ಅನ್ನ, ಅದೇ ದೇವರು. ನನ್ನ ಬೀದಿಯಲ್ಲೇ ತೊರ್ತಿಯಾ ಅನ್ನುವ ಮೆಕ್ಕೆಜೋಳದ ರೊಟ್ಟಿ ಮಾಡುವ ಅಂಗಡಿ ಇದೆ. ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ಅವ್ವ, ನೀನು ಎಲೆಗೆ ಹಚ್ಚುತ್ತೀಯಲ್ಲ, ಅಂಥದೇ ಸುಣ್ಣ. ಅದರಿಂದ ಸಿಪ್ಪೆ ಬಿಡುತ್ತೆ, ಹಿಟ್ಟು ಹರಿಯದೆ ನಿಲ್ಲುತ್ತೆ, ಕಾಳಿನ ಸತ್ವವೂ ಮೈಗೆ ಹತ್ತುತ್ತೆ. ಬಿಸಿಬಿಸಿ ತೊರ್ತಿಯಾವನ್ನು ಕಿಲೋ ಲೆಕ್ಕದಲ್ಲಿ ಕಾಗದಕ್ಕೆ ಸುತ್ತಿ ಕೊಡುತ್ತಾರೆ.

ಊರು ಕಟ್ಟಿದ್ದು 1541ರ ಡಿಸೆಂಬರ್ 8ರಂದು ಅನ್ನುತ್ತಾರೆ. ಅದಕ್ಕೂ ಮೊದಲೇ ಇಲ್ಲಿ ಮೂಲನಿವಾಸಿಗಳ ಹಳ್ಳಿ ಇತ್ತು. ಸ್ಪೇನಿನವರ ವಿರುದ್ಧ ಈ ಭಾಗದ ಜನ ದಂಗೆ ಎದ್ದಿದ್ದರು, ದೊಡ್ಡ ಯುದ್ಧ ಆಯಿತು. ಊರುಗಳು ಖಾಲಿಯಾದಾಗ ಬೇರೆ ಕಡೆಯಿಂದ ಜನರನ್ನು ತಂದು ಕೂರಿಸಿದರು. ಆಗ ಆಂತೋನಿಯೋ ದೆ ಸೆಗೋವಿಯಾ ಅನ್ನುವ ಪಾದ್ರಿ ಮೇರಿ ಮಾತೆಯ ಒಂದು ಮೂರ್ತಿ ಕೊಟ್ಟರಂತೆ. ಎತ್ತರ ಬರೀ 34 ಸೆಂಟಿಮೀಟರ್. ಅದನ್ನು ಮಾಡಿರುವುದು ಮೆಕ್ಕೆಜೋಳದ ದಂಟಿನ ತಿರುಳನ್ನು ಅರೆದು ಮಾಡಿದ ಹಿಟ್ಟಿನಿಂದ! ನಾವು ದನಕ್ಕೆ ಹಾಕುವ ದಂಟು ಇಲ್ಲಿ ಸುಮಾರು ಐನೂರು ವರ್ಷದಿಂದ ಪೂಜೆ ಪಡೀತಾ ಇದೆ. ಅಕ್ಟೋಬರ್ 12ರಂದು ಆ ತಾಯಿಯನ್ನು ಗ್ವಾದಲಹಾರದ ದೊಡ್ಡ ಚರ್ಚಿನಿಂದ ಸಪೋಪನ್‌ಗೆ ಮೆರವಣಿಗೆಯಲ್ಲಿ ತರುತ್ತಾರೆ. ಈ ಸಲ ನಾನೂ ಹೋಗಿದ್ದೆ. ಗರಿಯ ಕಿರೀಟ ಇಟ್ಟು, ಗೆಜ್ಜೆ ಕಟ್ಟಿ ಕುಣಿಯುವ ತಂಡಗಳು ಮುಗಿಯುವುದೇ ಇಲ್ಲ. ಹತ್ತು ಲಕ್ಷಕ್ಕೂ ಮೀರಿ ಜನ ಸೇರುತ್ತಾರೆ. 2018ರಲ್ಲಿ ಯುನೆಸ್ಕೋ ಈ ಜಾತ್ರೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಿಮ್ಮ ಹೆಸರಲ್ಲಿ, ಗೀತಾಳ ಹೆಸರಲ್ಲಿ ಕೈ ಮುಗಿದು ಬಂದೆ.

ಈಗ ಹೊಲದ ಮಾತು. ಊರಿನ ವಾಯವ್ಯಕ್ಕೆ ತೆಸಿಸ್ತಾನ್ ಅಂತ ಕಣಿವೆ ಇದೆ. ಉತ್ತರಕ್ಕೆ ಸಾಂತಿಯಾಗೋ ನದಿಯ ಆಳವಾದ ಕಮರಿ, ತೆಂಕಣಕ್ಕೆ ಲಾ ಪ್ರಿಮವೇರಾ ಕಾಡು. ಆ ಕಾಡು ಒಂದು ಹಳೇ ಜ್ವಾಲಾಮುಖಿ. ಈಗಲೂ ಅಲ್ಲಿ ಬಿಸಿನೀರಿನ ಹೊಳೆ ಹರಿಯುತ್ತೆ. ಅದು ಉಗುಳಿದ ಬೂದಿ, ಹಗುರ ಕಲ್ಲೇ ಕಣಿವೆಯ ಮಣ್ಣು. ಮಳೆ ಬಿದ್ದರೆ ನೀರು ಸೀದಾ ಕೆಳಗಿಳಿಯುತ್ತೆ. ಅದಕ್ಕೇ ಇಲ್ಲಿ ಮೆಕ್ಕೆಜೋಳ ಚೆನ್ನಾಗಿ ಬರುತ್ತಿತ್ತು, ಬಾವಿಗಳಲ್ಲಿ ನೀರೂ ಇತ್ತು.

ಮೆಕ್ಸಿಕೋ ಕ್ರಾಂತಿ ಆದ ಮೇಲೆ, 1917ರ ಸಂವಿಧಾನದ 27ನೇ ಕಲಮಿನಿಂದ ರೈತರಿಗೆ ಜಮೀನು ಹಂಚಿದರು. ಎಹಿದೋ ಅನ್ನುತ್ತಾರೆ. ಉಳುವುದು ಅವರೇ, ಆದರೆ ಮಾರುವಂತಿಲ್ಲ. 1992ರಲ್ಲಿ ಆ ಕಲಮು ಬದಲಾಯಿತು. ರೈತರ ಸಭೆ ಒಪ್ಪಿದರೆ ಖಾಸಗಿ ಜಮೀನು ಮಾಡಿಕೊಂಡು ಮಾರಬಹುದು ಅಂತ ಆಯಿತು. ಆಮೇಲೆ ನೋಡಿ, ಜೋಳದ ಹೊಲದಲ್ಲಿ ಕಾಂಪೌಂಡ್ ಎದ್ದವು. ಒಳಗೆ ಸಾಲು ಮನೆ, ಬಾಗಿಲಲ್ಲಿ ಕಾವಲುಗಾರ.

ಹೋದ ಭಾನುವಾರ ತೆಸಿಸ್ತಾನ್ ಕಡೆ ಹೋಗಿದ್ದೆ. ಎರಡು ಕಾಂಪೌಂಡುಗಳ ನಡುವೆ ಅರ್ಧ ಎಕರೆಯಷ್ಟು ಜೋಳ ನಿಂತಿತ್ತು. ರಸ್ತೆ ಬದಿ ಒಬ್ಬ ಅಜ್ಜ ತೆನೆ ಬೇಯಿಸಿ, ನಿಂಬೆಹಣ್ಣು, ಖಾರದಪುಡಿ ಸವರಿ ಮಾರುತ್ತಿದ್ದ. ನನಗೆ ಬರುವಷ್ಟು ಸ್ಪ್ಯಾನಿಷ್‌ನಲ್ಲಿ ಮಾತಾಡಿಸಿದೆ. ನಮ್ಮಪ್ಪಾಜಿನೂ ಮೆಕ್ಕೆಜೋಳ ಬೆಳೀತಾರೆ ಅಂದೆ. ತಕ್ಷಣ ಎದ್ದು ಹೊಲದೊಳಗೆ ಕರಕೊಂಡು ಹೋದ. ಬಗ್ಗಿ ಒಂದು ಬಿಳಿ ಕಲ್ಲು ತೆಗೆದು ನನ್ನ ಅಂಗೈಗೆ ಇಟ್ಟ. ತೂಕವೇ ಇಲ್ಲ. ನೀರಿಗೆ ಹಾಕಿದರೆ ತೇಲುತ್ತೆ ಅಂದ. ತನ್ನ ಪಾಲಿನ ಹೊಲ ಆ ಗೋಡೆಯ ಆಚೆ ಇತ್ತಂತೆ. ಮಾರಿದ ದುಡ್ಡಲ್ಲಿ ಮಕ್ಕಳ ಮದುವೆ ಮಾಡಿದ, ಒಂದು ಗಾಡಿ ತಗೊಂಡ. ಈಗ ಅವನ ಮಗ ಅದೇ ಕಾಂಪೌಂಡಿನ ಬಾಗಿಲು ಕಾಯುತ್ತಾನೆ. ಈ ಅರ್ಧ ಎಕರೆ ಬೇರೆಯವರದ್ದು, ಪಾಲಿಗೆ ಮಾಡುತ್ತಾನೆ. ಅಪ್ಪಾಜಿ, ನನಗೆ ಆ ತೆನೆ ಗಂಟಲಲ್ಲಿ ಇಳಿಯಲಿಲ್ಲ.

ಪಂಚಾಯ್ತಿಯವರು ಏನು ಮಾಡುತ್ತಿದ್ದರು ಅಂತ ನೀವು ಕೇಳುತ್ತೀರಿ, ಗೊತ್ತು. ನೀವು ಮೆಂಬರ್ ಆಗಿದ್ದವರು. ಇಲ್ಲಿ ಮುನಿಸಿಪಾಲಿಟಿಗೆ ಒಬ್ಬ ಅಧ್ಯಕ್ಷ, ಕಾನೂನು ಕೆಲಸ ನೋಡುವ ಸಿಂದಿಕೋ, ಮತ್ತೆ ರೆಹಿದೋರ್ ಅನ್ನುವ ಸದಸ್ಯರು. ಅವಧಿ ಮೂರೇ ವರ್ಷ. ಇಲ್ಲಿ ವಾರ್ಡೇ ಇಲ್ಲ! ಒಂದು ಪಕ್ಷ ಅಧ್ಯಕ್ಷ, ಸಿಂದಿಕೋ, ಸದಸ್ಯರು ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸುತ್ತೆ. ಜನ ಆ ಪಟ್ಟಿಗೇ ವೋಟು ಹಾಕುತ್ತಾರೆ. ಉಳಿದ ಪಕ್ಷಗಳಿಗೆ ಬಿದ್ದ ವೋಟಿನ ಪ್ರಕಾರ ಒಂದಿಷ್ಟು ಸ್ಥಾನ. ನೀರು ಬರದಿದ್ದರೆ ನಿಮ್ಮ ಮನೆ ಬಾಗಿಲು ಬಡಿಯುತ್ತಿದ್ದರಲ್ಲ, ಇಲ್ಲಿ "ನಮ್ಮ ಬೀದಿಯ ಮೆಂಬರ್" ಅಂತ ಯಾರೂ ಇಲ್ಲ. ಗಂಡಸರು ಹೆಂಗಸರು ಸಮಸಮ ಇರಬೇಕು ಅನ್ನುವ ಕಾನೂನು ಮಾತ್ರ ತುಂಬಾ ಒಳ್ಳೆಯದು.

ಸಂವಿಧಾನದ 115ನೇ ಕಲಮು ಇವರಿಗೆ ದೊಡ್ಡ ಅಧಿಕಾರ ಕೊಟ್ಟಿದೆ. ಕಸ, ಬೀದಿದೀಪ, ಸಂತೆ, ಸ್ಮಶಾನ, ಮನೆ ಕಂದಾಯ. ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ನಕ್ಷೆ ಮತ್ತು ಲೈಸೆನ್ಸ್ ಕೂಡ ಅವರದ್ದೇ. ಲೈಸೆನ್ಸ್ ಕೊಟ್ಟ ಮಂಡಳಿಯ ಅವಧಿ ಮೂರು ವರ್ಷಕ್ಕೆ ಮುಗಿದು ಹೋಗುತ್ತೆ. ಗೋಡೆ ಹೋಗಲ್ಲ. ಹೊಲ ವಾಪಸ್ ಬರಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ. ಮುಂಗಡ ಮುಟ್ಟಬೇಡಿ. ಕರಾರಿಗೆ ಸಹಿ ಬೇಡ. ಭೂಪರಿವರ್ತನೆಗೆ ಅರ್ಜಿನೂ ಬೇಡ. ಬಸಣ್ಣ ಮಾವ ದಲ್ಲಾಳಿಯನ್ನು ಮನೆಗೆ ಕರಕೊಂಡು ಬಂದರೆ ಕಾಫಿ ಕೊಟ್ಟು ಕಳಿಸಿ. ಛತ್ರ, ಊಟ, ಗೀತಾಳ ಬಂಗಾರ, ಎಲ್ಲಾ ನನ್ನ ಜವಾಬ್ದಾರಿ. ಸೊಸೈಟಿ ಸಾಲದ ಕಂತೂ ಕಟ್ಟುತ್ತೇನೆ. ನನ್ನ ಹತ್ರ ದುಡ್ಡಿದೆ. ನಿಜವಾಗಿಯೂ ಇದೆ. ಖರ್ಚು ಕಮ್ಮಿ, ಮನೆಬಾಡಿಗೆ ಇಬ್ಬರು ಹಂಚಿಕೊಳ್ಳುತ್ತೇವೆ. ಕೆಲಸಕ್ಕೂ ಏನೂ ತೊಂದರೆ ಇಲ್ಲ. ನಾನು ಕಷ್ಟಪಟ್ಟು ಕಳಿಸುತ್ತಿದ್ದೇನೆ ಅಂತ ಯಾರೂ ಅಂದುಕೊಳ್ಳಬೇಡಿ, ಸ್ವಲ್ಪವೂ ಕಷ್ಟ ಇಲ್ಲ. ಬೀಗರಿಗೆ ದಿನ ಮುಂದಕ್ಕೆ ಹಾಕಬೇಕಾದರೆ ನಾನೇ ಫೋನ್ ಮಾಡಿ ಮಾತಾಡುತ್ತೇನೆ. ಅವರು ಒಳ್ಳೆಯವರು, ಹೊಲ ಮಾರಿಸಿ ಮದುವೆ ಮಾಡಿಕೊಳ್ಳುವ ಜನ ಅಲ್ಲ.

ಪಹಣಿ, ಹಳೇ ಪತ್ರ ಎಲ್ಲಾ ಅವ್ವನ ಟ್ರಂಕಿನಲ್ಲಿ ಇಡಿ. ಬೀಗದ ಕೈ ಗೀತಾಳ ಹತ್ರ ಇರಲಿ.

ಈ ವಾರ ದುಡ್ಡು ಹಾಕುತ್ತೇನೆ, ಪಾಸ್‌ಬುಕ್ ಎಂಟ್ರಿ ಮಾಡಿಸಿ. ಅವ್ವನ ಬಿಪಿ ಮಾತ್ರೆ ತಪ್ಪಿಸಬೇಡಿ. ಬಸ್ಸಿಗೆ ಹೊತ್ತಾಯ್ತು, ಬಾಕಿ ಮುಂದಿನ ಪತ್ರದಲ್ಲಿ. ಏನು ನಿರ್ಧಾರ ಮಾಡಿದಿರಿ ಅಂತ ಗೀತಾಳ ಕೈಲಿ ಬೇಗ ಬರೆಸಿ.

ನಿಮ್ಮ ಮಗ,
ಮಂಜು