ಮಗಳಿಗೊಂದು ಪತ್ರ: ಗಣಿತವನ್ನೂ ಬಿಡಬೇಡ, ಬಯಾಲಜಿಯನ್ನೂ ಬಿಡಬೇಡ

ಪ್ರೀತಿಯ ಪುಟ್ಟಿ,

ಪಿಯುಸಿ ಆದ ಮೇಲೆ ಗಣಿತ ಬಿಡಲಾ, ಬಯಾಲಜಿ ಬಿಡಲಾ ಅಂತ ಕೇಳಿದೆಯಲ್ಲ. ಹಾಸ್ಟೆಲ್ ಫೋನಿನಲ್ಲಿ ಗಡಿಬಿಡಿಯಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನನ್ನು ಕೇಳಿದರೆ ಎರಡನ್ನೂ ಬಿಡಬೇಡ.

ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ನಾಲ್ಕೂ ಇರುವ ಪಿಸಿಎಂಬಿ ಓದಿದವರಿಗೆ ನಮ್ಮ ಕಡೆ ಗೊತ್ತಿರುವುದು ಎರಡೇ ದಾರಿ. ನೀಟ್ ಬರೆದು ಡಾಕ್ಟರ್, ಸಿಇಟಿ ಬರೆದು ಎಂಜಿನಿಯರ್. ಎರಡೂ ಆಗದಿದ್ದರೆ ಬಿಎಸ್ಸಿ. ಅಲ್ಲೂ ಸಾಮಾನ್ಯವಾಗಿ ಬಯಾಲಜಿ ಇಲ್ಲದ ಪಿಸಿಎಂ ಅಥವಾ ಗಣಿತ ಇಲ್ಲದ ಸಿಬಿಜೆಡ್. ಗಿಡ, ಪ್ರಾಣಿ ಓದುವವರಿಗೆ ಲೆಕ್ಕ ಯಾಕೆ ಬೇಡವೋ, ನನಗಂತೂ ಅರ್ಥವಾಗಿಲ್ಲ.

ಮಂಗನ ಕಾಯಿಲೆಯನ್ನೇ ತೆಗೆದುಕೋ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ. ಅಪ್ಪ ಕಾಡಿಗೆ ದರಕು (ಒಣ ಎಲೆ) ತರಲು ಹೋಗುವಾಗ ಉಣುಗು ಕಚ್ಚದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳುವುದು ಅದಕ್ಕೇ ಅಲ್ವಾ? ಯಾವ ವೈರಸ್, ಯಾವ ಉಣುಗು ಅಂತ ಹೇಳುವುದು ಬಯಾಲಜಿ. ಆದರೆ ಬರುವ ಬೇಸಿಗೆಗೆ ಯಾವ ಊರಲ್ಲಿ ಅಪಾಯ ಜಾಸ್ತಿ, ಎಣ್ಣೆಯನ್ನು ಮೊದಲು ಎಲ್ಲಿಗೆ ಕಳಿಸಬೇಕು ಅಂತ ತಿಳಿಯಲು ಲೆಕ್ಕ ಬೇಕು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು 1897ರಲ್ಲಿ ಸಿಕಂದರಾಬಾದಿನಲ್ಲಿ ಸುಳಿವು ಹಿಡಿದ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. ಆಮೇಲೆ ಆತ ಸಮೀಕರಣ ಹಿಡಿದು ಕೂತರು. ಸೊಳ್ಳೆಯನ್ನೆಲ್ಲ ಕೊಲ್ಲುವುದು ಆಗುವ ಮಾತಾ ಅಂತ ಜನ ಕೇಳುತ್ತಿದ್ದರು. ಎಲ್ಲವನ್ನೂ ಕೊಲ್ಲಬೇಕಿಲ್ಲ, ಒಂದು ಮಟ್ಟಕ್ಕಿಂತ ಕಡಿಮೆ ಮಾಡಿದರೆ ಸಾಕು, ಮಲೇರಿಯಾ ತಾನಾಗಿ ಇಳಿಯುತ್ತದೆ ಎಂದು ಲೆಕ್ಕದಲ್ಲೇ ತೋರಿಸಿದರು.

ನಮ್ಮ ದೇಶದಲ್ಲೂ ಇಂಥವರಿದ್ದಾರೆ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡಿದ್ದು ಗಣಿತ ಬೆರೆತ ಪರಿಸರ ವಿಜ್ಞಾನದಲ್ಲಿ. 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ (ಐಐಎಸ್‌ಸಿ) ಬಂದಾಗ ಸೇರಿದ್ದು ಥಿಯರಿ ವಿಭಾಗಕ್ಕೆ.

ಈಗ ಎರಡನ್ನೂ ಓದುವ ಜಾಗಗಳಿವೆ. ಐಐಎಸ್‌ಸಿಯಲ್ಲೇ 2011ರಿಂದ ನಾಲ್ಕು ವರ್ಷದ ಡಿಗ್ರಿ ಇದೆ. ಶುರುವಿನ ಸೆಮಿಸ್ಟರ್‌ಗಳಲ್ಲಿ ಎಲ್ಲರೂ ಗಣಿತವನ್ನೂ ಬಯಾಲಜಿಯನ್ನೂ ಓದಬೇಕು, ಕೊನೆಯ ವರ್ಷ ಸಂಶೋಧನೆ ಮಾಡಬೇಕು. ವಿಜ್ಞಾನದ ಓದು, ಸಂಶೋಧನೆಗೆಂದೇ ಇರುವ ಕೇಂದ್ರ ಸರ್ಕಾರದ ಐಸರ್‌ಗಳು ಏಳಿವೆ, ನಮಗೆ ಹತ್ತಿರದವು ಪುಣೆ, ತಿರುಪತಿ, ತಿರುವನಂತಪುರ. ಅವಕ್ಕೆ ಐಎಟಿ ಅಂತ ಪರೀಕ್ಷೆ. ನಾಲ್ಕು ವಿಷಯದಲ್ಲೂ 15ರಂತೆ 60 ಪ್ರಶ್ನೆ, ಮೂರು ಗಂಟೆ. ತಪ್ಪಿದರೆ ಒಂದು ಅಂಕ ಹೋಗುತ್ತದೆ, ಸುಮ್ನೆ ಅಂದಾಜಿನ ಮೇಲೆ ಉತ್ತರ ಒತ್ತಬೇಡ. ಪಿಸಿಎಂಬಿಯವರಿಗೆ ಇದಕ್ಕಿಂತ ಹೊಂದುವ ಪರೀಕ್ಷೆ ನಾನು ನೋಡಿಲ್ಲ.

ಇನ್ನು ದುಡ್ಡು. ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು ನಾನು, ಇದನ್ನು ಬಿಡುತ್ತೇನಾ? ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ವರ್ಷಕ್ಕೆ 80 ಸಾವಿರ. ಮೂಲ ವಿಜ್ಞಾನ ಓದುವವರಿಗೆ ಮಾತ್ರ, ಮೆಡಿಕಲ್, ಎಂಜಿನಿಯರಿಂಗ್‌ನವರಿಗಿಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದವರು ಅರ್ಜಿ ಹಾಕಬಹುದು. ಅದರಲ್ಲಿ 60 ಸಾವಿರ ಓದಿನ ಖರ್ಚಿಗೆ. ಉಳಿದ 20 ಸಾವಿರ ಬೇಸಿಗೆ ರಜೆಯಲ್ಲಿ ಒಬ್ಬ ವಿಜ್ಞಾನಿಯ ಕೈಕೆಳಗೆ ಪ್ರಾಜೆಕ್ಟ್ ಮಾಡುವುದಕ್ಕೆ.

ಅಪ್ಪನ ಕಣ್ಣು 60 ಸಾವಿರದ ಮೇಲೆ. ನನ್ನ ಕಣ್ಣು 20 ಸಾವಿರದ ಮೇಲೆ. ಫೀಸಿಗೆ ಅಡಿಕೆ ಮಾರಬಹುದು, ಸಾಲ ಸಿಗಬಹುದು. ಆದರೆ ಲ್ಯಾಬಿನಲ್ಲಿ ಕೂತು, ಪುಸ್ತಕದ ಹಿಂದೆ ಉತ್ತರವಿಲ್ಲದ ಲೆಕ್ಕದ ಜೊತೆ ಗುದ್ದಾಡುವ ಎರಡು ತಿಂಗಳನ್ನು ನಾವು ಕೊಂಡು ಕೊಡಲು ಆಗುವುದಿಲ್ಲ. ಹಾಗಾಗಿ ಯಾವ ಸ್ಕಾಲರ್‌ಶಿಪ್ ಕಂಡರೂ ಮೊತ್ತಕ್ಕಿಂತ ಮೊದಲು ಅದರಲ್ಲಿ ಸಂಶೋಧನೆಗೆ ಜಾಗ ಇದೆಯಾ ನೋಡು. ದುಡ್ಡು ಹೇಳಿದ ತಿಂಗಳಿಗೇ ಕೈಗೆ ಬರುತ್ತದೆ ಅಂತ ಮಾತ್ರ ನಂಬಿ ಕೂರಬೇಡ. ಮೊದಲ ವರ್ಷದ ಖರ್ಚನ್ನು ನಾವು ಬೇರೆ ಇಟ್ಟಿರುತ್ತೇವೆ.

ಎಲ್ಲೂ ಸೀಟು ಸಿಗದೆ ಶಿವಮೊಗ್ಗದಲ್ಲೇ ಬಿಎಸ್ಸಿ ಸೇರಿದರೂ ದಾರಿ ಮುಚ್ಚುವುದಿಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಡಿಗ್ರಿ ಓದುವವರಿಗೆ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಸಿಬಿಜೆಡ್ ತೆಗೆದುಕೊಂಡರೆ ಕ್ಯಾಲ್ಕುಲಸ್, ಸಂಭವನೀಯತೆ ಮನೆಯಲ್ಲೇ ಓದಿಕೋ. ಸ್ವಲ್ಪ ಪ್ರೋಗ್ರಾಮಿಂಗ್ ಕೂಡ. ಕಷ್ಟವೇ, ಇಲ್ಲ ಅನ್ನುವುದಿಲ್ಲ.

ವಿಜ್ಞಾನ ಓದುವವರಿಗೆ ಪರೀಕ್ಷೆ ಇಟ್ಟು ಸ್ಕಾಲರ್‌ಶಿಪ್ ಕೊಡುತ್ತಿದ್ದ ಕೆವಿಪಿವೈ ಯೋಜನೆಯ ಹಳೇ ಪುಸ್ತಕವನ್ನು ಸೀನಿಯರ್‌ಗಳು ಕೊಟ್ಟರೆ ಬೇಡ ಅನ್ನಬೇಡ. ಆ ಯೋಜನೆ 2022ರಲ್ಲಿ ಇನ್‌ಸ್ಪೈರ್ ಜೊತೆ ಸೇರಿಹೋಯಿತು, ಪರೀಕ್ಷೆಯೂ ನಿಂತಿತು. ಆದರೆ ಅದರ ಪ್ರಶ್ನೆಗಳು ತಲೆ ಓಡಿಸುವಂಥವು.

ನೀಟ್ ಅನ್ನೂ ಬರೆ, ಅಪ್ಪನಿಗೆ ಸಮಾಧಾನ. ಅದರಲ್ಲಿ ಮೊದಲ 10 ಸಾವಿರದೊಳಗೆ ರ‍್ಯಾಂಕ್ ಬಂದು ನೀನು ವಿಜ್ಞಾನಕ್ಕೇ ಸೇರಿದರೆ ಇನ್‌ಸ್ಪೈರ್‌ಗೆ ಅರ್ಹತೆ ಸಿಗುತ್ತದೆ. ಇದನ್ನು ಅಪ್ಪನಿಗೆ ನಾನು ಇನ್ನೂ ಹೇಳಿಲ್ಲ.

ನಿನ್ನ
ಅಮ್ಮ