ಹೆಸರು ಹಾಕದೆ ಹೇಳುವ ಥ್ಯಾಂಕ್ಸ್

ದಕ್ಷಿಣ ಸುಡಾನ್‌ನಿಂದ ವಾಪಸ್ ಬಂದು ಮೂರು ವಾರವಾಯಿತು. ಆರು ತಿಂಗಳು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ (ಓಟಿ) ನರ್ಸ್ ಆಗಿದ್ದೆ. ವಿಚಾರಿಸಿಕೊಂಡ ಎಲ್ಲರಿಗೂ, ಅಷ್ಟು ದಿನ ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದ ನಮ್ಮತ್ತೆಗೂ ಥ್ಯಾಂಕ್ಸ್.

ಫೋಟೊ ಯಾಕೆ ಹಾಕಿಲ್ಲ ಅಂತ ತುಂಬ ಜನ ಕೇಳಿದ್ದೀರಿ. ಗುಂಡು ತಗುಲಿ ಮಲಗಿದವರ ಮುಖ ತೋರಿಸಿದರೆ ಅವರಿಗೇ ಅಪಾಯ. ನಾಳೆ ಊರಿಗೆ ಹೋಗಿ ಬದುಕಬೇಕಲ್ವಾ? ಅಲ್ಲಿ ಜೊತೆಗೆ ದುಡಿದವರ ಹೆಸರನ್ನೂ ಅದಕ್ಕೇ ಹಾಕುತ್ತಿಲ್ಲ. ಇದನ್ನು ಅರಬ್ಬಿಗೆ ಅನುವಾದ ಮಾಡಿಸಿ ಅವರಿಗೆ ಕಳಿಸುತ್ತೇನೆ.

ಗೇಟಿನ ಕಾವಲುಗಾರರೇ, ನಿಮ್ಮ ಕೈಯಲ್ಲಿ ಒಂದು ಕೋಲೂ ಇರುತ್ತಿರಲಿಲ್ಲ. ಬಂದೂಕಿನ ಚಿತ್ರದ ಮೇಲೆ ಕೆಂಪು ಗೆರೆ ಎಳೆದ ಬೋರ್ಡು, ಅಷ್ಟೇ. ಆ ಸಂಜೆ ಬಂದೂಕು ಹಿಡಿದ ನಾಲ್ವರು ತಮ್ಮವನೊಬ್ಬನನ್ನು ಹೊತ್ತು ತಂದರು. ಅವನಿಗೇ ಮೊದಲು ಆಪರೇಷನ್ ಆಗಬೇಕು ಅಂತ ಪಟ್ಟು ಹಿಡಿದರು. ಅವನ ಕಾಲಿನ ಗಾಯದಿಂದ ರಕ್ತ ಸುರಿಯುವುದು ನಿಂತಿತ್ತು. ಒಳಗೆ ಹೊಟ್ಟೆಗೆ ಗುಂಡು ಬಿದ್ದ ಹೆಂಗಸಿದ್ದಳು. ಯಾರ ಕಡೆಯವರು ಅಂತ ನೋಡುವ ಹಾಗಿಲ್ಲ, ಯಾರ ಗಾಯ ಕಾಯಲಾರದೋ ಅವರೇ ಮೊದಲು. ಯುದ್ಧದಲ್ಲಿ ಗಾಯಗೊಂಡವರನ್ನು ಕಾಪಾಡುವ ಅಂತರರಾಷ್ಟ್ರೀಯ ಒಪ್ಪಂದ, 1977ರ ಜಿನೀವಾ ಪ್ರೋಟೊಕಾಲ್, ಹೇಳುವುದೂ ಅದನ್ನೇ. ಬಂದೂಕಿನ ಎದುರು ನಿಂತು ಅದನ್ನು ಮೆಲ್ಲಗೆ ಹೇಳಿ ಒಪ್ಪಿಸಿದವರು ನೀವು. ಹೆಂಗಸು ಮೊದಲು ಓಟಿಗೆ ಬಂದಳು.

ದುಭಾಷಿ ಅಣ್ಣ, ದನ ಕಾಯುವ ಆ ಹುಡುಗ ನೆನಪಿದ್ದಾನಾ? ಕಾಲು ಕೊಳೆಯುತ್ತಿತ್ತು. ತೆಗೆಯದಿದ್ದರೆ ಜೀವ ಉಳಿಯುತ್ತಿರಲಿಲ್ಲ. ಕಾಲಿಲ್ಲದೆ ದನದ ಹಿಂದೆ ಹೇಗೆ ಹೋಗುತ್ತಾನೆ, ಬೇಡ ಅಂದುಬಿಟ್ಟರು ಅವನ ಚಿಕ್ಕಪ್ಪ. ನನಗೆ ಆತುರ. ನೀವು ನೆಲದ ಮೇಲೆ ಅವರ ಪಕ್ಕ ಕೂತಿರಿ. ಡ್ರೆಸ್ಸಿಂಗ್ ಬಿಚ್ಚಿ ತೋರಿಸಲು ನನಗೆ ಹೇಳಿದಿರಿ. ಹುಡುಗನನ್ನೂ ಕೇಳಿದಿರಿ. ಎರಡು ಗಂಟೆ ಹಿಡಿಯಿತು. ಮೊದಲು ಹುಡುಗ ತಲೆಯಾಡಿಸಿದ, ಆಮೇಲೆ ಚಿಕ್ಕಪ್ಪ. ನಿಮ್ಮ ಊರನ್ನು ಸುಟ್ಟಿದ್ದು ಅವರ ಕಡೆಯವರೇ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ, ಅದೂ ಬೇರೆಯವರಿಂದ.

ಬಟ್ಟೆ ಒಗೆಯುತ್ತಿದ್ದ, ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರ ನೋಡಿಕೊಳ್ಳುತ್ತಿದ್ದ ಅಕ್ಕಂದಿರೇ, ನಿಮಗೆ ಒಂದು ಮಾತು ಬಾಕಿ ಇದೆ. ಯುದ್ಧದ ಗಾಯವನ್ನು ಅವತ್ತೇ ಹೊಲಿಯುವುದಿಲ್ಲ. ಸತ್ತ ಮಾಂಸ ತೆಗೆದು, ತೊಳೆದು, ತೆರೆದೇ ಬಿಟ್ಟು ಡ್ರೆಸ್ಸಿಂಗ್ ಸುತ್ತುತ್ತೇವೆ. ನಾಲ್ಕೈದು ದಿನದ ಮೇಲೆ ಬಿಚ್ಚಿ ನೋಡಿ ಹೊಲಿಗೆ. ಐದನೇ ದಿನ ಆ ಹುಡುಗನದು ಬಿಚ್ಚಿದಾಗ ಒಂದು ಹನಿ ಕೀವಿರಲಿಲ್ಲ. ಅವತ್ತೇ ಓಡಿ ಬಂದು ನಿಮಗೆ ಹೇಳಬೇಕಿತ್ತು. ಮುಂದಿನ ಕೇಸ್ ಬಂತು, ಆಗಲಿಲ್ಲ. ಈಗ ಹೇಳುತ್ತಿದ್ದೇನೆ.